ದಾವಣಗೆರೆ-ಹರಿಹರ ಲೈಟ್ ರೈಲ್ ಮೆಸೇಜ್ ಬಗ್ಗೆ ಸ್ಪಷ್ಟನೆ

"ದಾವಣಗೆರೆ-ಹರಿಹರ ಲೈಟ್ ರೈಲ್ ಓಕೆ ಆಗಿದೆ, ಲೇಔಟ್ ಮನೆಗಳಿಗೆ ಮಾರ್ಕಿಂಗ್ ಶುರು, ಸೈಟ್ ಈಗ್ಲೇ ತಗೊಳ್ಳಿ" ಅಂತ ವಾಟ್ಸಾಪಲ್ಲಿ ಒಂದು ಮೆಸೇಜ್ ಓಡಾಡ್ತಿದೆ, ಜೊತೆಗೆ ಹೊಲದಲ್ಲಿ ನೆಟ್ಟಿರೋ ಗಡಿಕಲ್ಲಿನ ಫೋಟೋ, ಕೆಂಪು ಗೆರೆ ಎಳೆದ ಮ್ಯಾಪು. ದಯವಿಟ್ಟು ನಂಬಬೇಡಿ.

ಇಲ್ಲಿ ಎರಡು ವಿಷಯ ಕಲಸಿಬಿಟ್ಟಿದಾರೆ. ನಿಜವಾಗ್ಲೂ ಇರೋದು ತುಮಕೂರು-ಚಿತ್ರದುರ್ಗ-ದಾವಣಗೆರೆ ಹೊಸ ರೈಲು ಮಾರ್ಗ, ಸಿರಾ, ಹಿರಿಯೂರು ಮೇಲೆ ಬರೋದು, ಅದು ಮಾಮೂಲಿ ಬ್ರಾಡ್‌ಗೇಜ್ ರೈಲು, ಊರೊಳಗೆ ಓಡೋ ಲೈಟ್ ರೈಲ್ ಅಲ್ಲ. ಹರಿಹರಕ್ಕಂತೂ ಈಗ್ಲೇ ಬೆಂಗಳೂರು-ಹುಬ್ಬಳ್ಳಿ ಲೈನ್ ಇದೆಯಲ್ಲ.

ಲೈಟ್ ರೈಲ್‌ಗೆ ಕೇಂದ್ರ 2019ರಲ್ಲಿ ಮೆಟ್ರೋಲೈಟ್ ಅಂತ ಮಾನದಂಡ ಮಾಡ್ತು, ಮೂರು ಕೋಚು, ಸುಮಾರು 300 ಜನ, ರಸ್ತೆ ಮಟ್ಟದಲ್ಲೇ ಬೇಲಿ ಹಾಕಿದ ಪ್ರತ್ಯೇಕ ದಾರಿ. ಆದ್ರೆ 2017ರ ಮೆಟ್ರೋ ನೀತಿ ಪ್ರಕಾರ ಕೇಂದ್ರದ ದುಡ್ಡು ಬೇಕಂದ್ರೆ ಮೊದಲು ಇಡೀ ಊರಿನ ಸಂಚಾರ ಯೋಜನೆ ಆಗ್ಬೇಕು, ಬಸ್ಸಲ್ಲೇ ಆಗುತ್ತಾ ಅಂತ ಹೋಲಿಸಿ ನೋಡ್ಬೇಕು, ಆಮೇಲೆ ಡಿಪಿಆರ್, ಅಂದ್ರೆ ಪೂರ್ತಿ ವಿವರದ ಯೋಜನಾ ವರದಿ. 2011ರ ಜನಗಣತಿಲಿ ನಮ್ಮ ದಾವಣಗೆರೆ ಜನಸಂಖ್ಯೆ ಸುಮಾರು 4.35 ಲಕ್ಷ, ಇಷ್ಟು ಜನಕ್ಕೆ ಬಸ್ಸೇ ಸಾಕಾ ಅಂತ ಮೊದಲು ನೋಡ್ಬೇಕಲ್ಲ. ನನಗೂ ಊರಿಗೆ ಒಳ್ಳೆ ಸಾರಿಗೆ ಬರ್ಲಿ ಅಂತ ತುಂಬಾ ಆಸೆ ಇದೆ, ಅದಕ್ಕೇ ಸುಳ್ಳು ಮ್ಯಾಪ್ ನೋಡಿದ್ರೆ ಸಂಕಟ ಆಗುತ್ತೆ.

ಮನೆ ಹೋಗುತ್ತೆ ಅಂತ ಹೆದರಿರೋರಿಗೆ: 2013ರ ಭೂಸ್ವಾಧೀನ ಕಾಯ್ದೆಲಿ ಜಾಗ ತಗೊಳ್ಳೋದಾದ್ರೆ ಗೆಜೆಟ್ ಮತ್ತು ಎರಡು ದಿನಪತ್ರಿಕೆಲಿ ಪ್ರಾಥಮಿಕ ಅಧಿಸೂಚನೆ ಬರ್ಲೇಬೇಕು, ಆಕ್ಷೇಪಣೆಗೆ 60 ದಿನ ಇರುತ್ತೆ. ಮ್ಯಾಪ್ ತೋರಿಸಿ ಅಡ್ವಾನ್ಸ್ ಕೇಳೋರ ಹತ್ರ ಮೊದಲು ಆ ಅಧಿಸೂಚನೆ ನಂಬರ್ ಕೇಳಿ, ಕೊಡ್ಲಿಲ್ಲ ಅಂದ್ರೆ ಒಂದು ರೂಪಾಯಿನೂ ಕೊಡಬೇಡಿ.