ಮಂಗಳವಾರ ಮಾತ್ರ ತೆರೆಯುವ ಬಾರು

ನಮ್ಮ ಮನೆಯ ಕಾಂಪೌಂಡು ಕಟ್ಟಿದ ಮೇಸ್ತ್ರಿ ಕುಡಿತ ಬಿಡಬೇಕೆಂದು ತೀರ್ಮಾನಿಸಿದ್ದು ಒಂದು ಬುಧವಾರ. ಅವರು ಎಡವಿದ್ದೇ ಅಲ್ಲಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಆ ದಿನಕ್ಕೆ ‘ಸೂಪರ್ ಟ್ಯೂಸ್‌ಡೇ’ ಎಂದು ಹೆಸರು. ಉಳಿದ ಆರು ದಿನ ಹೇಗಿರುತ್ತವೆ ಎಂಬ ಸುಳಿವು ಆ ಹೆಸರಲ್ಲೇ ಇದೆ. ಕೈನಡುಕ, ಬೆವರು, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವ ರಾತ್ರಿಗಳು, ಎಲ್ಲವನ್ನೂ ಮೇಸ್ತ್ರಿ ಮುಂದಿನ ಮಂಗಳವಾರಕ್ಕೆ ಮುಂದೂಡಬೇಕಿತ್ತು. ಆಗಲಿಲ್ಲ. ಶುಕ್ರವಾರ ಸಂಜೆ ವೈನ್‌ಶಾಪಿಗೆ ಹೋದರು. ವೈನ್‌ಶಾಪು ಶುಕ್ರವಾರವೂ ತೆರೆದಿರುತ್ತದೆ. ಬೆಳಗ್ಗೆ ಹತ್ತರಿಂದ ರಾತ್ರಿ ಹತ್ತೂವರೆವರೆಗೆ.

ಈ ಚಿಕಿತ್ಸೆಯನ್ನು ಸುಧಾರಿಸಲು ಏನು ಮಾಡುತ್ತೀರಿ ಎಂದು ಯಾವ ಸರ್ಕಾರವನ್ನು ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ: ಪೈಲಟ್ ಅಧ್ಯಯನಕ್ಕೆ, ಅಂದರೆ ಮೊದಲು ಸಣ್ಣದಾಗಿ ಮಾಡಿ ನೋಡುವ ಪ್ರಯೋಗಕ್ಕೆ, ಅನುದಾನ ಕೊಡುತ್ತೇವೆ. ಮಂತ್ರಿಗಳ ಕಾರಿನ ಮುಂದೆ ಕೂಗಿಕೊಂಡು ಹೋಗುವ ಪೈಲಟ್ ಜೀಪನ್ನು ನೀವು ನೋಡಿದ್ದೀರಿ. ಇದೂ ಅದೇ ಜಾತಿಯದು. ಜೀಪು ಹೋಗುತ್ತದೆ, ಜನ ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾರೆ, ಹಿಂದೆ ಕಾರು ಮಾತ್ರ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಜೀಪು ಬರುತ್ತದೆ.

ಪ್ರಯೋಗ ಮಾಡಬಾರದು ಎಂದಲ್ಲ. ಪಕ್ಕದ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರೇ ಅಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಕುಡುಕರೊಂದಿಗೆ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿಸಿದರು. ಫಲ ಸಿಕ್ಕಿತು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಅಚ್ಚು ಹಾಕಿತು. ಇತ್ತ ಕುಡಿತದ ಚಟಕ್ಕೆ ಕೊಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮಾತ್ರೆಗಳು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿದವು. ಬೆಂಗಳೂರಿನ ನಿಮ್ಹಾನ್ಸ್‌ಗಂತೂ ಈ ಕೆಲಸದಲ್ಲಿ ಮೂವತ್ತು ವರ್ಷ ದಾಟಿದ ಅನುಭವ. ಔಷಧಿ ಗೊತ್ತು, ಮಾತು ಗೊತ್ತು, ಕಾಯಿಲೆಯೂ ಗೊತ್ತು. ಗೊತ್ತಿಲ್ಲದಿರುವುದು ಗುರುವಾರ ಏನು ಮಾಡಬೇಕೆಂಬುದೊಂದೇ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ ಪ್ರಕಾರ, ಕುಡಿತದ ಕಾಯಿಲೆ ಇರುವ ನೂರರಲ್ಲಿ 86 ಜನಕ್ಕೆ ಚಿಕಿತ್ಸೆ ಸಿಗುವುದಿಲ್ಲ. 2019ರ ಏಮ್ಸ್ ವರದಿಯಲ್ಲಿ, ಮದ್ಯವ್ಯಸನಕ್ಕೆ ಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿದ್ದು 180ರಲ್ಲಿ ಒಬ್ಬರಿಗೆ. ಮದ್ಯದ ವಿಷಯದಲ್ಲಿ ಇಂಥ ಕೊರತೆ ಎಂದಾದರೂ ಕಂಡಿದ್ದೀರಾ? ಕ್ವಾರ್ಟರ್ ಕೇಳಿದ 38 ಜನರಲ್ಲಿ ಒಬ್ಬನಿಗೆ ಕೊಟ್ಟು ಉಳಿದವರನ್ನು ಮುಂದಿನ ಮಂಗಳವಾರ ಬನ್ನಿ ಎಂದು ಕಳಿಸಿದ್ದರೆ ಅಷ್ಟೊತ್ತಿಗೆ ವಿಧಾನಸೌಧದಲ್ಲಿ ತುರ್ತು ಸಭೆ ಸೇರಿರುತ್ತಿತ್ತು.

ಮಗುವನ್ನು ಚಿವುಟಿ ತೊಟ್ಟಿಲು ತೂಗುವ ಗಾದೆ ನಮ್ಮಲ್ಲಿ ಹಳೆಯದು. ಆಡಳಿತ ಅದನ್ನು ಎರಡು ಕಚೇರಿಗಳಿಗೆ ಹಂಚಿದೆ. ಚಿವುಟಲು 2003ರಲ್ಲಿ ಹುಟ್ಟಿದ ರಾಜ್ಯ ಪಾನೀಯ ನಿಗಮ. ರಾಜ್ಯದ ಮದ್ಯವೆಲ್ಲ ಅದರ ಗೋದಾಮಿನಿಂದಲೇ ಇಳಿಯಬೇಕು. ತೂಗಲು ಮದ್ಯಪಾನ ಸಂಯಮ ಮಂಡಳಿ. ನಿಷೇಧ ಮಂಡಳಿ ಅಲ್ಲ, ಸಂಯಮ ಮಂಡಳಿ. ಹೆಸರಿಟ್ಟವರ ಒಂದು ಕಣ್ಣು ಖಜಾನೆಯ ಮೇಲಿತ್ತೆಂದು ಕಾಣುತ್ತದೆ. ನಡುವೆ ಎಂಎಸ್ಐಎಲ್ ಇದೆ: ಮಕ್ಕಳಿಗೆ ನೋಟ್‌ಬುಕ್ಕು, ಅಮ್ಮನಿಗೆ ಚೀಟಿ, ಅಪ್ಪನಿಗೆ ಎಂಆರ್‌ಪಿ ದರದಲ್ಲಿ ಎಣ್ಣೆ. ಇಡೀ ಸಂಸಾರವನ್ನು ಇಷ್ಟು ಚೆನ್ನಾಗಿ ಬಲ್ಲ ಇನ್ನೊಂದು ಸರ್ಕಾರಿ ಸಂಸ್ಥೆ ನನಗೆ ಗೊತ್ತಿಲ್ಲ.

2025-26ರ ಬಜೆಟ್ಟಿನಲ್ಲಿ ಅಬಕಾರಿಯ ಗುರಿ 40,000 ಕೋಟಿ ರೂಪಾಯಿ. ಅದಕ್ಕೆ ‘ಗುರಿ’ ಎನ್ನುತ್ತಾರೆ, ನೆನಪಿರಲಿ. ಮಾರುವುದಕ್ಕೆ ಗುರಿ, ಬಿಡಿಸುವುದಕ್ಕೆ ಪೈಲಟ್. ಗುರಿ ತಪ್ಪಿದರೆ ಅಧಿಕಾರಿ ಬೈಸಿಕೊಳ್ಳುತ್ತಾನೆ. ಪೈಲಟ್ ತಪ್ಪಿದರೆ ‘ಹೆಚ್ಚಿನ ಅಧ್ಯಯನ ಅಗತ್ಯ’ ಎಂಬ ಕೊನೆಯ ಸಾಲು ಸಿಗುತ್ತದೆ. ಅದೇ ಬಜೆಟ್ ಅಧಿವೇಶನದಲ್ಲಿ ತುರುವೇಕೆರೆಯ ಶಾಸಕರು ಎದ್ದು ನಿಂತು, ಹೆಂಗಸರಿಗೆ ತಿಂಗಳಿಗೆ ಎರಡು ಸಾವಿರ ಕೊಡುತ್ತೀರಿ, ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಪುಕ್ಕಟೆ ಕೊಡಿ ಎಂದರು. ಸದನ ನಕ್ಕಿತು. ವಾರಕ್ಕೆ ಎರಡು ಮಾತ್ರೆ ಕೊಡಿ ಎಂದು ಕೇಳಿದ್ದರೆ ಖಂಡಿತ ಪೈಲಟ್ ಮಂಜೂರಾಗುತ್ತಿತ್ತು.

ಹಾಗಾಗಿ ನನ್ನದೂ ಒಂದು ಪ್ರಸ್ತಾವನೆ. ಅನುದಾನ ಬೇಡ, ಸಮಾನತೆ ಸಾಕು. ಚಿಕಿತ್ಸೆಗಿರುವ ನಿಯಮವನ್ನೇ ಬಾರಿಗೂ ಹಚ್ಚಿ. ಮೊದಲ ಹಂತದಲ್ಲಿ ಜಿಲ್ಲೆಗೊಂದು ಬಾರು, ತೆರೆಯುವುದು ಮಂಗಳವಾರ, ಹತ್ತರಿಂದ ಒಂದು ಗಂಟೆವರೆಗೆ. ಗಿರಾಕಿ ಆಧಾರ್ ಜೆರಾಕ್ಸು, ಎರಡು ಫೋಟೊ ತರಬೇಕು, ಜೊತೆಗೆ ಮನೆಯವರೊಬ್ಬರು ಬರಲೇಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ‘ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ಸಲ ಬೇಸರವಾಯಿತು’ ಎಂಬಿಂದ ಶುರುವಾಗುವ ಹನ್ನೊಂದು ಪುಟದ ಪ್ರಶ್ನಾವಳಿ ತುಂಬಿದ ಮೇಲೆ ಒಂದು ನೈಂಟಿ. ಸ್ಟಾಕ್ ಬಂದಿಲ್ಲದಿದ್ದರೆ ಹೊರಗಡೆ ಬರೆದುಕೊಡಲಾಗುವುದು. ಹದಿನೆಂಟು ತಿಂಗಳ ನಂತರ ಮೌಲ್ಯಮಾಪನ. ಹಣಬಳಕೆ ಪ್ರಮಾಣಪತ್ರ ಸಲ್ಲಿಸದ ಬಾರಿಗೆ ಎರಡನೇ ಕಂತಿನ ಬಾಟಲಿ ಇಲ್ಲ. ಕ್ಯಾಷಿಯರ್ ಹೊರಗುತ್ತಿಗೆ, ಸಂಬಳ ಆರು ತಿಂಗಳು ತಡ.

ಚಿಕಿತ್ಸೆಯ ಅಧ್ಯಯನ ಮಾಡುವವರ ದೊಡ್ಡ ಗೋಳು, ರೋಗಿ ಎರಡನೇ ಸಲ ಬರುವುದಿಲ್ಲ ಎಂಬುದು. ಬಾರಿನವರಿಗೆ ಈ ಗೋಳಿಲ್ಲ, ಏಳು ಗಂಟೆಗೆ ತಾನಾಗಿ ಬರುತ್ತಾನೆ. ನನ್ನ ಮಾದರಿಯಲ್ಲಿ ಅವರಿಗೂ ಅದರ ರುಚಿ ಸಿಗಲಿ.

ಖಜಾನೆ ಬರಿದಾದೀತು ಎನ್ನುವವರಿಗೆ ಒಂದು ಹಳೆಯ ಲೆಕ್ಕ. ನಿಮ್ಹಾನ್ಸ್‌ನ ಗುರುರಾಜ್ ಮತ್ತು ತಂಡ 2006ರಲ್ಲೇ ‘ಬೆಂಗಳೂರು ಅಧ್ಯಯನ’ದಲ್ಲಿ ಕೂಡಿ ಕಳೆದು ನೋಡಿದ್ದರು: ದೇಶದಲ್ಲಿ ವರ್ಷಕ್ಕೆ ಮದ್ಯದಿಂದ ಬಂದದ್ದು 21,600 ಕೋಟಿ, ಅದರ ಅವಾಂತರಗಳಿಗೆ ಹೋದದ್ದು 24,400 ಕೋಟಿ. ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಇಂಥ ವ್ಯಾಪಾರ ಒಂದು ತಿಂಗಳು ಮಾಡಿ ಬಾಗಿಲು ಹಾಕುತ್ತಿದ್ದರು. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಲ್ಲಿಸಿ ಎನ್ನುತ್ತಾ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರು. ಅವರ ಅಂಗಾಲಿನ ಬೊಕ್ಕೆಗಳನ್ನು ಯಾರೂ ದತ್ತಾಂಶ ಎಂದು ಪರಿಗಣಿಸಲಿಲ್ಲ. ಮರುವರ್ಷ, 2020ರ ಮೇ 4ರಂದು, ಲಾಕ್‌ಡೌನ್ ಸಡಿಲಿಸಿ ಮದ್ಯದಂಗಡಿ ತೆರೆದಾಗ ನೆಲದ ಮೇಲೆ ವೃತ್ತ ಬರೆದು ಜನರನ್ನು ನಿಲ್ಲಿಸಿದರು. ರಾಜ್ಯದಲ್ಲಿ ಒಂದೇ ದಿನಕ್ಕೆ 45 ಕೋಟಿಯ ಮಾರಾಟ. ಅದಕ್ಕೆ ಪೈಲಟ್ ಬೇಕಾಗಲಿಲ್ಲ, ಸುಣ್ಣದ ಪುಡಿ ಸಾಕಾಯಿತು.

ಪ್ರಸ್ತಾವನೆ ಕಳಿಸುವ ಮುನ್ನ ಫಲಾನುಭವಿಗಳ ಅಭಿಪ್ರಾಯ ಕೇಳಬೇಕಂತೆ. ಮೊನ್ನೆ ಮೇಸ್ತ್ರಿಗೆ ಎಲ್ಲವನ್ನೂ ಓದಿ ಹೇಳಿದೆ. ಮರಳು ಜರಡಿ ಹಿಡಿಯುವುದನ್ನು ನಿಲ್ಲಿಸಿ ಶ್ರದ್ಧೆಯಿಂದ ಕೇಳಿಸಿಕೊಂಡರು. ಆಮೇಲೆ ತಲೆ ಕೆರೆದುಕೊಂಡರು.

“ಎಲ್ಲಾ ಸರಿ ಸ್ವಾಮಿ. ಆದ್ರೆ ಮಂಗಳವಾರ ಡಾಕ್ಟ್ರು ಬರೋ ದಿನ ಅಲ್ವಾ? ಎರಡೂ ಒಂದೇ ದಿನ, ಒಂದೇ ಹೊತ್ತಲ್ಲಿ ಇಟ್ರೆ, ನಾನು ಯಾವ ಕ್ಯೂನಲ್ಲಿ ನಿಂತ್ಕೊಳ್ಲಿ?”