ಹಗ್ಗ ಎಸೆದವರ ಹಸ್ತಲಾಘವ

ತುರ್ಕಿಯ ರಾಷ್ಟ್ರವಾದಿ ಮುಖಂಡ ದೆವ್ಲೆತ್ ಬಾಹ್ಚೆಲಿಯವರ ಹೆಸರು ಕಿವಿಗೆ ಪರದೇಶದ್ದೆನಿಸಿದರೂ ಅದರ ಎರಡೂ ಪದಗಳು ನಮಗೆ ನೆಂಟರೇ. ಅರಬ್ಬಿಯಲ್ಲಿ ಹುಟ್ಟಿ ಅತ್ತ ತುರ್ಕಿಗೆ ‘ದೆವ್ಲೆತ್’ ಆಗಿ ಹೋದ ಪದವೇ ಇತ್ತ ಕನ್ನಡಕ್ಕೆ ‘ದೌಲತ್ತು’ ಆಗಿ ಬಂತು. ಪಾರಸಿಯವರ ಪುಟ್ಟ ತೋಟ ಅಲ್ಲಿ ‘ಬಾಹ್ಚೆ’ಯಾಯಿತು, ಇಲ್ಲಿ ‘ಬಗೀಚೆ’ಯಾಯಿತು. ಅವರಲ್ಲಿ ದೆವ್ಲೆತ್ ಎಂದರೆ ಪ್ರಭುತ್ವ. ನಮ್ಮಲ್ಲಿ ದೌಲತ್ತು ಎಂದರೆ ಪ್ರಭುತ್ವ ಕೈಗೆ ಸಿಕ್ಕವನ ಠೇಂಕಾರ. ಒಂದೇ ಪದದ ಈ ಎರಡು ಅರ್ಥಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಅಳೆಯುವುದಕ್ಕೆ ಈ ಮಹನೀಯರ ರಾಜಕೀಯ ಜೀವನ ಹೇಳಿಮಾಡಿಸಿದ ಅಳತೆಗೋಲು.

1948ರ ಹೊಸ ವರ್ಷದ ದಿನ ದಕ್ಷಿಣ ತುರ್ಕಿಯ ಒಸ್ಮಾನಿಯೆ ಸೀಮೆಯಲ್ಲಿ, ಬಾಹ್ಚೆ ಎಂಬ ಊರಿನಲ್ಲಿಯೇ, ಜನಿಸಿದ ಇವರು ಅರ್ಥಶಾಸ್ತ್ರ ಓದಿ, ಡಾಕ್ಟರೇಟ್ ಪಡೆದು, ಅಂಕಾರಾದಲ್ಲಿ ಮೇಷ್ಟರಾಗಿದ್ದವರು. ಮದುವೆಯಾಗದೆ ಪಕ್ಷಕ್ಕೇ ಬದುಕನ್ನು ಸವೆಸಿದವರು. ಆ ಪಕ್ಷದ ಹೆಸರು ರಾಷ್ಟ್ರವಾದಿ ಚಳವಳಿ ಪಕ್ಷ, ಅದರ ಬಳಗದ ಲಾಂಛನ ಬೂದುತೋಳ. ತೋರುಬೆರಳು ಕಿರುಬೆರಳುಗಳನ್ನು ಕಿವಿಯಂತೆ ನಿಮಿರಿಸಿ, ನಡುವಿನೆರಡು ಬೆರಳುಗಳನ್ನು ಹೆಬ್ಬೆರಳಿಗೆ ಕೂಡಿಸಿದರೆ ತೋಳದ ಮೋರೆಯಾಗುತ್ತದೆ. ನಮ್ಮ ಮಕ್ಕಳು ಕರೆಂಟು ಹೋದಾಗ ಗೋಡೆಯ ಮೇಲೆ ನೆರಳು ಮೂಡಿಸುವುದಕ್ಕೆ ಮಾಡುವುದನ್ನು ಅಲ್ಲಿ ದೊಡ್ಡವರು ಬಟ್ಟಬಿಸಿಲಿನಲ್ಲಿ ರಾಷ್ಟ್ರದ ಉದ್ಧಾರಕ್ಕಾಗಿ ಮಾಡುತ್ತಾರೆ. ಪಕ್ಷದ ಸ್ಥಾಪಕ ಅಲ್ಪಾರ್ಸ್ಲಾನ್ ತುರ್ಕೆಶ್ 1997ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ, ಉತ್ತರಾಧಿಕಾರಿಯನ್ನು ಆರಿಸಲು ಮೇ ತಿಂಗಳಲ್ಲಿ ಸೇರಿದ ಮಹಾಸಭೆಯಲ್ಲಿ ಮತಗಳಿಗಿಂತ ಮೊದಲು ಕುರ್ಚಿಗಳು ಚಲಾವಣೆಯಾದವು. ಜುಲೈನಲ್ಲಿ ಸಭೆ ಮತ್ತೆ ಸೇರಿದಾಗ ಬಾಹ್ಚೆಲಿಯವರು ಗೆದ್ದು, ಹಾರದೆ ಉಳಿದಿದ್ದ ಒಂದು ಕುರ್ಚಿಯಲ್ಲಿ ಕುಳಿತರು. ಅಂದಿನಿಂದ ಅವರು ಅದನ್ನು ಬಿಟ್ಟಿಲ್ಲ.

ಹಾಗೆಂದು ಬಿಡುವ ಮಾತನ್ನೇ ಆಡಿಲ್ಲವೆಂದರೆ ಅನ್ಯಾಯವಾದೀತು. 1999ರಲ್ಲಿ ಶೇಕಡಾ 18ರಷ್ಟು ಮತ ಪಡೆದು, ಬುಲೆಂತ್ ಎಜೆವಿತ್ ಅವರ ಸಮ್ಮಿಶ್ರ ಸರ್ಕಾರದಲ್ಲಿ ಉಪಪ್ರಧಾನಿಯಾಗಿದ್ದ ಇವರು, 2002ರ ಜುಲೈನಲ್ಲಿ ಯಾರೂ ಕೇಳದಿದ್ದರೂ ಎದ್ದು ನಿಂತು ನವೆಂಬರ್ 3ಕ್ಕೆ ಚುನಾವಣೆಯಾಗಲಿ ಎಂದರು. ಆಯಿತು. ಸಂಸತ್ತಿನ ಹೊಸ್ತಿಲು ದಾಟಲು ಶೇಕಡಾ 10ರಷ್ಟು ಮತ ಬೇಕಿದ್ದ ಆ ದೇಶದಲ್ಲಿ ಸಮ್ಮಿಶ್ರದ ಮೂರೂ ಪಕ್ಷಗಳು ಹೊಸ್ತಿಲಾಚೆಯೇ ಉಳಿದವು. ಮುಂದೆ ಪ್ರಧಾನಿಯೂ ಆಮೇಲೆ ಅಧ್ಯಕ್ಷರೂ ಆದ ಎರ್ಡೋಗನ್ ಅವರ ಹೊಸ ಪಕ್ಷ ಶೇಕಡಾ 34 ಮತಕ್ಕೆ 550ರಲ್ಲಿ 363 ಸ್ಥಾನಗಳನ್ನು ಬಾಚಿಕೊಂಡಿತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದು ನಾವೆಲ್ಲ ಮಾತಿಗೆ ಹೇಳುತ್ತೇವೆ, ಅವರು ಮಾಡಿ ತೋರಿಸಿದರು. ಅಂದು ರಾತ್ರಿ ಸೋಲಿನ ಹೊಣೆ ಹೊತ್ತು ನಾಯಕತ್ವ ಬಿಡುವುದಾಗಿ ಸಾರಿದರು. ತೋಳ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಅವರ ಪಕ್ಷದವರಿಗೆ ತಿಳಿದಿರಲಿಲ್ಲವೋ ಏನೋ, ಮುಂದಿನ ಮಹಾಸಭೆಯಲ್ಲಿ ಅವರನ್ನೇ ಮತ್ತೆ ಆರಿಸಿದರು.

ಹಗ್ಗದ ವಿಷಯ ಬಂತಲ್ಲ, ನಿಜವಾದ ಹಗ್ಗವೊಂದಿದೆ. 2007ರ ಚುನಾವಣೆಯ ಸಮಯ, ಎರ್ಜುರುಮ್ ನಗರದ ಬಹಿರಂಗ ಸಭೆ. ಕುರ್ದಿಶ್ ಬಂಡುಕೋರರ ನಾಯಕ ಅಬ್ದುಲ್ಲಾ ಓಜಲಾನ್ 1999ರಲ್ಲಿ ಕೀನ್ಯಾದಲ್ಲಿ ಸೆರೆಸಿಕ್ಕಿ, ಮರಣದಂಡನೆಗೆ ಗುರಿಯಾಗಿ, ಆ ಶಿಕ್ಷೆ ಜಾರಿಯಾಗದೆ ಮರ್ಮರ ಸಮುದ್ರದ ಇಮ್ರಾಲಿ ದ್ವೀಪದ ಸೆರೆಮನೆಯಲ್ಲಿದ್ದರು. ಅವರನ್ನೇಕೆ ಗಲ್ಲಿಗೇರಿಸಿಲ್ಲ ಎಂಬುದೇ ಚುನಾವಣೆಯ ಪ್ರಶ್ನೆ. ವೇದಿಕೆಯ ಮೇಲಿದ್ದ ಬಾಹ್ಚೆಲಿಯವರು ಒಂದು ನೇಣುಹಗ್ಗವನ್ನು ಹೊರತೆಗೆದು, ಹಗ್ಗ ಸಿಗಲಿಲ್ಲವೆಂಬ ನೆಪ ಬೇಡ, ಇದೋ ತೆಗೆದುಕೊಂಡು ನೇಣು ಹಾಕಿ ಎಂದು ಪ್ರಧಾನಿ ಎರ್ಡೋಗನ್ ಅವರನ್ನು ಉದ್ದೇಶಿಸಿ ಗುಡುಗಿ, ಅದನ್ನು ಜನರತ್ತ ಎಸೆದರು. ಜನಸ್ತೋಮ ಹುಚ್ಚೆದ್ದಿತು. ಗಲ್ಲುಶಿಕ್ಷೆಯನ್ನು ತಡೆಹಿಡಿದ 2000ದ ಸರ್ಕಾರದಲ್ಲಿ ಉಪಪ್ರಧಾನಿ ಯಾರಾಗಿದ್ದರು ಎಂದಾಗಲಿ, ಆ ಶಿಕ್ಷೆಯೇ ಕಾನೂನಿನಿಂದ ತೊಲಗಿ ವರ್ಷಗಳಾದ ಮೇಲೆ ಹಗ್ಗದಿಂದ ಪ್ರಯೋಜನವೇನು ಎಂದಾಗಲಿ ಕೇಳುವ ಹೊತ್ತು ಅದಾಗಿರಲಿಲ್ಲ.

2015ರ ಜೂನ್‌ನಲ್ಲಿ ಎರ್ಡೋಗನ್ ಪಕ್ಷ ಮೊದಲ ಬಾರಿಗೆ ಬಹುಮತ ಕಳೆದುಕೊಂಡಾಗ, 80 ಸ್ಥಾನ ಗೆದ್ದ ಬಾಹ್ಚೆಲಿಯವರ ಕೈಯಲ್ಲಿ ಬೀಗದ ಕೈಯಿತ್ತು. ಅವರೊಂದಿಗೆ ಸೇರಿ ಎಂದರೆ ಇಲ್ಲ, ಇವರೊಂದಿಗೆ ಸೇರಿ ಎಂದರೆ ಇಲ್ಲ, ಕುರ್ದರ ಪಕ್ಷದ ನೆರಳು ಬಿದ್ದ ಕಡೆಯಂತೂ ಇಲ್ಲವೇ ಇಲ್ಲ. ಈ ಬೇಡಗಳ ಮಡಿಯಲ್ಲಿ ಸರ್ಕಾರ ಹುಟ್ಟದೆ ನವೆಂಬರ್‌ನಲ್ಲಿ ಮರುಚುನಾವಣೆಯಾಗಿ, 80 ಹೋಗಿ 40 ಆಯಿತು. ಅದೇ ಬೇಸಿಗೆಯಲ್ಲಿ ಚೀನಾದ ವಿರುದ್ಧ ಸಿಟ್ಟಾದ ರಾಷ್ಟ್ರಭಕ್ತರು ಇಸ್ತಾಂಬುಲಿನಲ್ಲಿ ಕೊರಿಯಾದ ಪ್ರವಾಸಿಗಳ ಮೇಲೆ ಕೈಮಾಡಿದ್ದರು. ಎರಡೂ ದೇಶದವರ ಕಣ್ಣು ಒಂದೇ ತೆರನಾಗಿರುವಾಗ ಗುರುತು ಹಿಡಿಯುವುದು ಹೇಗೆ ಎಂದು ಈ ಮಾಜಿ ಮೇಷ್ಟರು ವಿವರಿಸಿದ್ದರು.

ಅಧ್ಯಕ್ಷೀಯ ಪದ್ಧತಿಯನ್ನು ಅವರು ವರ್ಷಗಟ್ಟಲೆ ವಿರೋಧಿಸಿದರು. ಎರ್ಡೋಗನ್ ಸಂವಿಧಾನದ ಗೆರೆ ಮೀರುತ್ತಿದ್ದಾರೆ ಎಂಬುದು ಅವರ ಆಕ್ಷೇಪವಾಗಿತ್ತು, ಮತ್ತು ಅದು ಸರಿಯಾಗಿಯೂ ಇತ್ತು. 2016ರ ಅಕ್ಟೋಬರ್‌ನಲ್ಲಿ ಅದೇ ಆಕ್ಷೇಪದಿಂದ ಅವರು ಹೊಸ ತೀರ್ಮಾನವೊಂದನ್ನು ಹೊರಡಿಸಿದರು: ಅಧ್ಯಕ್ಷರು ಸಂವಿಧಾನದೊಳಗೆ ಬರದಿದ್ದರೆ ಸಂವಿಧಾನವನ್ನೇ ಅಧ್ಯಕ್ಷರಿರುವಲ್ಲಿಗೆ ಒಯ್ಯೋಣ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕೆಂದು ನಮ್ಮವರು ಕೊರಗಿದರು. ದನ ಬೇಲಿ ದಾಟಿದರೆ ಬೇಲಿಯನ್ನೇ ಕಿತ್ತು ದನದಾಚೆಗೆ ನೆಟ್ಟರಾಯಿತು, ಕಾನೂನೂ ಉಳಿಯಿತು, ದನವೂ ಮೇಯ್ದಿತು ಎಂಬ ಪರಿಹಾರ ನಮಗೆ ಹೊಳೆದಿರಲಿಲ್ಲ. ಬಗೀಚೆಯವರಿಗೆ ಹೊಳೆಯಿತು. 2017ರ ಜನಮತದಲ್ಲಿ ಶೇಕಡಾ 51.4ರ ಒಪ್ಪಿಗೆಯೊಂದಿಗೆ ಬೇಲಿ ಸ್ಥಳಾಂತರಗೊಂಡಿತು. ಪಕ್ಷದೊಳಗೆ ಎದುರು ಮಾತಾಡಿದ ಮೆರಾಲ್ ಅಕ್ಶೆನೆರ್ ಅವರಿಗೆ ಅಷ್ಟರಲ್ಲಾಗಲೇ ಹೊರಬಾಗಿಲು ತೋರಿಸಲಾಗಿತ್ತು.

ನಮ್ಮಲ್ಲಿ ಮಂಗಳವಾರ ಶುಭಕಾರ್ಯಕ್ಕೆ ಆಗದು. ಅಂಕಾರಾದಲ್ಲಿ ಅದು ಬಾಹ್ಚೆಲಿಯವರು ಪಕ್ಷದ ಸಂಸದರನ್ನು ಕೂರಿಸಿಕೊಂಡು ಭಾಷಣ ಮಾಡುವ ವಾರ, ದೇಶದ ಪಂಚಾಂಗ ತೆರೆಯುವುದು ಅಂದೇ. 2018ರ ಏಪ್ರಿಲ್ 17ರ ಮಂಗಳವಾರ ಅವರು ಆಗಸ್ಟ್ 26ಕ್ಕೆ ಚುನಾವಣೆಯ ಮುಹೂರ್ತವಿಟ್ಟರು. ಮರುದಿನ ಎರ್ಡೋಗನ್ ಭೇಟಿಯಾಗಿ ಅದನ್ನು ಜೂನ್ 24ಕ್ಕೆ ಎಳೆದರು. ನೂರರಲ್ಲಿ ಹತ್ತೋ ಹನ್ನೊಂದೋ ಮತ ಪಡೆಯುವವರು ಎಂಟೂವರೆ ಕೋಟಿ ಜನರ ದೇಶಕ್ಕೆ ಜೋಯಿಸರಾಗುವುದು ಸಣ್ಣ ಸಾಧನೆಯಲ್ಲ, ಅದರಲ್ಲೂ ತಮಗಾಗಿ ಒಂದು ಮುಹೂರ್ತವನ್ನೂ ಇಡಿಸಿಕೊಳ್ಳದವರು.

2024ರ ಅಕ್ಟೋಬರ್ 1, ಮತ್ತದೇ ಮಂಗಳವಾರ. ಸಂಸತ್ತಿನ ಅಧಿವೇಶನ ಆರಂಭವಾಗುತ್ತಿದ್ದಂತೆ ಬಾಹ್ಚೆಲಿಯವರು ತಮ್ಮ ಆಸನದಿಂದೆದ್ದು, ಕುರ್ದ್ ಪರ ಡೆಮ್ ಪಕ್ಷದವರು ಕುಳಿತಿದ್ದ ಸಾಲಿಗೆ ನಡೆದು ಹೋಗಿ, ಒಬ್ಬೊಬ್ಬರ ಕೈ ಕುಲುಕಿದರು. ಈ ಪಕ್ಷದ ಹಿಂದಿನ ಅವತಾರವನ್ನು ಮುಚ್ಚಿಸಬೇಕೆಂದು ವರ್ಷಗಟ್ಟಲೆ ಒತ್ತಾಯಿಸಿದ ಕೈ ಅದು. ಮೂರು ವಾರ ಕಳೆದು ಅಕ್ಟೋಬರ್ 22ರಂದು ಅವರು, ಓಜಲಾನ್ ಸಂಸತ್ತಿಗೇ ಬಂದು, ಡೆಮ್ ಪಕ್ಷದ ಸಭೆಯಲ್ಲಿ ಮಾತಾಡಿ, ತಮ್ಮ ಬಂಡುಕೋರ ಸಂಘಟನೆಯನ್ನು ವಿಸರ್ಜಿಸಿದೆನೆಂದು ಘೋಷಿಸಲಿ, ಹಾಗಾದರೆ ಅವರ ಬಿಡುಗಡೆಯ ದಾರಿಯನ್ನೂ ಕಾನೂನಿನಲ್ಲಿ ನೋಡೋಣ ಎಂದರು. ಹಸುಗೂಸುಗಳ ಹಂತಕ ಎಂದು ಕರೆಸಿಕೊಳ್ಳುತ್ತಿದ್ದವರು ಮುಂದೆ ಅವರ ಬಾಯಲ್ಲೇ ‘ಸ್ಥಾಪಕ ನಾಯಕ’ರಾದರು.

ನಾಲ್ಕು ದಶಕಗಳ ಕಾದಾಟ ನಿಂತರೆ ಯಾರಿಗೂ ನಗು ಬಾರದು. 2025ರ ಜುಲೈನಲ್ಲಿ ಇರಾಕಿನ ಸುಲೈಮಾನಿಯದ ಬಳಿ ಬಂಡುಕೋರರು ಬಂದೂಕುಗಳನ್ನು ಬೆಂಕಿಗಿಟ್ಟಾಗ ನಿಟ್ಟುಸಿರಿಟ್ಟವರಲ್ಲಿ ನಾನೂ ಒಬ್ಬ. ನಗು ಬರುವುದು ಬೇರೆಯದಕ್ಕೆ. ಇದೇ ಮಾತುಕತೆಯನ್ನು 2013ರಲ್ಲಿ ಎರ್ಡೋಗನ್ ಸರ್ಕಾರ ನಡೆಸಿದಾಗ ಅದು ದ್ರೋಹವೆಂದವರು ಇವರೇ. ಇದೇ ಆಹ್ವಾನವನ್ನು ಬೇರೊಬ್ಬರು ಕೊಟ್ಟಿದ್ದರೆ ಮೊದಲು ದೂರು ಕೊಡಲು ಓಡುತ್ತಿದ್ದವರೂ ಇವರೇ. ದೇಶದ್ರೋಹವೆಂಬುದು ಕೃತ್ಯದಲ್ಲಿಲ್ಲ, ಯಾರು ಯಾವ ಮಂಗಳವಾರ ಮಾಡಿದರು ಎಂಬುದರಲ್ಲಿದೆ.

ಬಾಹ್ಚೆಲಿಯವರು 2024ರ ನವೆಂಬರ್ 5ರಂದು, ಅಂದೂ ಮಂಗಳವಾರವೇ, ಎರ್ಡೋಗನ್ ಇನ್ನೊಮ್ಮೆ ಸ್ಪರ್ಧಿಸಲು ಅಡ್ಡಿಯಾಗಿರುವ ಸಂವಿಧಾನವನ್ನು ತಿದ್ದಬೇಕೆಂದು ಸೂಚಿಸಿದರು. ದನ ಮತ್ತೆ ನಾಲ್ಕು ಹೆಜ್ಜೆ ಮುಂದೆ ಹೋಗಿದೆ. ಗೂಟ, ಹಾರೆ, ಗುದ್ದಲಿಗಳು ಸಿದ್ಧವಿವೆ; ಬೇಲಿ ಬಿಗಿಯುವುದಕ್ಕೆ ಒಂದು ಹಗ್ಗವೂ ಬೇಕಾದೀತು.