ಕಿಲೋಮೀಟರ್ ನೋಡಿ ಎಂ3 ರೇಟ್ ಕಟ್ಟೋದು

ನಮ್ಮೂರಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ಅಂದ್ರೆ ಮೊದ್ಲು ಕೇಳೋದೇ ಎಷ್ಟು ಓಡಿದೆ, ಎಷ್ಟನೇ ಓನರ್ ಅಂತ. ಮಾರುತಿಗೆ ಅಷ್ಟು ಸಾಕೇನೋ, ಆದ್ರೆ ಇಂಗ್ಲೆಂಡಲ್ಲಿ ಇಷ್ಟು ವರ್ಷ ಗಾಡಿ ನೋಡಿದ್ಮೇಲೆ ನಂಗನ್ಸೋದು, ಬಿಎಂಡಬ್ಲ್ಯೂ ಎಂ3 ತರದ ಸ್ಪೋರ್ಟ್ಸ್ ಕಾರಿಗೆ ಆ ಎರಡು ಪ್ರಶ್ನೆ ಇಟ್ಕೊಂಡು ರೇಟ್ ಕಟ್ಟೋಕೆ ಹೋದ್ರೆ ಕೈ ಸುಟ್ಕೋತೀರ.

2007ರಿಂದ 2013ರವರೆಗೆ ಬಂದ ಇ92 ಎಂ3 (ಇ92 ಅನ್ನೋದು ಆ ಮಾಡೆಲ್ ಕೋಡು) ಉದಾಹರಣೆಗೆ ತಗೊಳ್ಳಿ, 4 ಲೀಟರ್ ವಿ8, 8000 ಆರ್‌ಪಿಎಂ ದಾಟಿ ಕಿರುಚೋ ಇಂಜಿನ್ನು. ಅದರ ವೀಕ್‌ನೆಸ್ಸು ರಾಡ್ ಬೇರಿಂಗು (ಪಿಸ್ಟನ್ ರಾಡು ಕ್ರ್ಯಾಂಕಿಗೆ ಸೇರೋ ಕಡೆ ಇರೋದು), ಆಮೇಲೆ ಥ್ರಾಟಲ್ ಆಕ್ಚುಯೇಟರ್ (ಇಂಜಿನ್ನಿಗೆ ಗಾಳಿ ಬಿಡೋ ಬಾಗಿಲು ತಿರುಗಿಸೋ ಮೋಟ್ರು). ಬೇರಿಂಗ್ ಹೋಗಿ ಇಂಜಿನ್ ಕೂತ್ಕೊಂಡ್ರೆ ಗಾಡಿ ರೇಟಿಗೂ ರಿಪೇರಿ ರೇಟಿಗೂ ವ್ಯತ್ಯಾಸನೇ ಇರಲ್ಲ ಅನ್ನಿ. ಹಾಗಾಗಿ ಇಲ್ಲಿ ತಿಳಿದೋರು ಬೇರಿಂಗ್ ಬದಲಾಯಿಸಿದ ಬಿಲ್ಲು, 10ಡಬ್ಲ್ಯೂ-60 ಗ್ರೇಡ್ ಇಂಜಿನ್ ಆಯಿಲ್ ಟೈಮಿಗೆ ಹಾಕ್ಸಿದ ಬಿಲ್ಲು ಕೇಳ್ತಾರೆ. ಕಮ್ಮಿ ಮೈಲಿ ಓಡಿ ಬಿಲ್ ಇಲ್ದಿರೋ ಗಾಡಿಗಿಂತ ಜಾಸ್ತಿ ಓಡಿ ಫೈಲ್ ದಪ್ಪ ಇರೋದೇ ವಾಸಿ, ನನ್ ಪ್ರಕಾರ.

ಇಂಗ್ಲೆಂಡಲ್ಲಿ ಇನ್ನೊಂದು ಸವಲತ್ತು ಎಂಓಟಿ, ಅಂದ್ರೆ ಗಾಡಿ ರಸ್ತೆಗೆ ಫಿಟ್ ಇದೆಯಾ ಅಂತ ನೋಡೋ ಕಡ್ಡಾಯ ಟೆಸ್ಟು. ಗಾಡಿಗೆ 3 ವರ್ಷ ಆದ್ಮೇಲೆ ವರ್ಷಾವರ್ಷ ಟೆಸ್ಟು, ಗಾಡಿ ನಂಬರ್ ಹಾಕಿದ್ರೆ ಯಾರ್ ಬೇಕಾದ್ರೂ ಹಳೇ ರಿಸಲ್ಟ್ ಎಲ್ಲಾ ಫ್ರೀಯಾಗಿ ನೋಡ್ಬೋದು, ಪ್ರತಿ ಸಲ ಮೀಟರ್ ಎಷ್ಟಿತ್ತು ಅನ್ನೋದೂ ಇರುತ್ತೆ. ನಾನು ಮೀಟರಿಗಿಂತ ಕೆಳಗಿನ ಅಡ್ವೈಸರಿ ಓದ್ತೀನಿ, ಅಂದ್ರೆ ಫೇಲ್ ಮಾಡೋಷ್ಟಲ್ಲ ಆದ್ರೆ ಗಮನಿಸಿ ಅಂತ ಟೆಸ್ಟ್ ಮಾಡೋನು ಬರೆದಿರೋದು: ಹಿಂದಿನ ಟೈರ್ ಸವೆದಿದೆ ಅಂತ ಒಂದ್ ವರ್ಷ, ಮುಂದಿನ ವರ್ಷಾನೂ ಅದೇ ಸಾಲು. ಟೈರಿಗೆ ದುಡ್ಡು ಬಿಚ್ಚದೋನು ಆಯಿಲ್‌ಗೆ ಬಿಚ್ಚಿರ್ತಾನಾ? ನೋಡೋಕೆ ಹೋದಾಗ ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ರೆ ಕೋಲ್ಡ್ ಸ್ಟಾರ್ಟ್ (ತಣ್ಣಗಿರೋ ಇಂಜಿನ್ ಸ್ಟಾರ್ಟ್ ಮಾಡಿದಾಗಿನ) ಸದ್ದು ನಿಮ್ಗೆ ಕೇಳಿಸಬಾರ್ದು ಅಂತ್ಲೂ ಇರ್ಬೋದು.

ಊರಲ್ಲಿ ಈ ಎಂಓಟಿ ಹಿಸ್ಟರಿ ಇಲ್ಲ, ನಿಜ. ಆದ್ರೆ ಕಂಪನಿ ವರ್ಕ್‌ಶಾಪ್ ರೆಕಾರ್ಡ್ ತೋರ್ಸಿ ಅಂತ ಓನರ್‌ನ ಕೇಳ್ಬೋದಲ್ಲ, ಅದು ಬಿಟ್ಟು "ಡಾಕ್ಟರ್ ಓಡಿಸಿದ್ ಗಾಡಿ ಸಾರ್, ಸಂಡೇ ಮಾತ್ರ" ಅಂದ್ರೆ ನಂಬಿಬಿಡ್ತೀವಿ. ದೆಹಲಿ ಗಾಡಿ ಅಗ್ಗ ಅಂತ ತರೋರು ಕರ್ನಾಟಕದ ಲೈಫ್‌ಟೈಮ್ ಟ್ಯಾಕ್ಸ್, ರೀರಿಜಿಸ್ಟ್ರೇಷನ್ ಸೇರ್ಸಿದ್ಮೇಲೂ ಅದು ಅಗ್ಗನಾ ಅಂತ ಲೆಕ್ಕ ಹಾಕ್ಬೇಕು. ಬೇರಿಂಗ್ ಬಿಲ್ ಇಲ್ವಾ, ಆ ಖರ್ಚನ್ನ ರೇಟಲ್ಲೇ ಕಳೀರಿ. ಮಾರೋನು ಮುಖ ಸಿಂಡರಿಸ್ತಾನೆ, ಸಿಂಡರಿಸ್ಲಿ ಬಿಡಿ.